ಕತ್ತು ಎತ್ತಲಾಗದ ಗೆಳತಿಗೆ ಬೇಲೂರಿನ ಮದನಿಕೆಯರನ್ನು ತೋರಿಸುವುದು ಹೇಗೆ?

ಹಾಸನದ ಟೀಚರ್:

ಎಲ್ಲರಿಗೂ ನಮಸ್ಕಾರ. ಬೇಲೂರಿನವರು, ಗೈಡ್ ಕೆಲಸ ಗೊತ್ತಿರುವವರು ಯಾರಾದರೂ ಇದ್ದರೆ ಸ್ವಲ್ಪ ಸಹಾಯ ಮಾಡಿ.

ನಾವು ನಾಲ್ಕು ಜನ ಗೆಳತಿಯರು. 1982ರಲ್ಲಿ ಹಾಸನದಲ್ಲಿ ಟಿ.ಸಿ.ಎಚ್., ಅಂದರೆ ಟೀಚರ್ ಟ್ರೈನಿಂಗ್, ಓದುವಾಗ ಒಂದೇ ರೂಮಿನಲ್ಲಿ ಇದ್ದವರು. ಒಬ್ಬಳು ಧಾರವಾಡದಲ್ಲಿ ಇದ್ದಾಳೆ, ಒಬ್ಬಳು ಮಂಗಳೂರು, ಒಬ್ಬಳು ಬೆಂಗಳೂರು, ನಾನು ಇಲ್ಲೇ. ಎಲ್ಲರೂ ಸ್ಕೂಲಿನಲ್ಲೇ ಕೆಲಸ ಮಾಡಿ ರಿಟೈರ್ ಆದೆವು. ಮದುವೆ, ನಾಮಕರಣ, ತಿಥಿ ಅಂತ ಆಗಾಗ ಸಿಕ್ಕಿದ್ದೇವೆ. ಆದರೆ ನಾಲ್ವರೂ ಒಟ್ಟಿಗೆ ಒಂದು ಇಡೀ ದಿನ ಕಳೆದು ಎಷ್ಟು ವರ್ಷ ಆಯಿತೋ. ಜನವರಿಯಲ್ಲಿ, ಸೊಗಡಿನ ಅವರೆ ಸಿಗುವ ಹೊತ್ತಿಗೆ, ಎಲ್ಲರೂ ನಮ್ಮ ಮನೆಗೆ ಬರುತ್ತಿದ್ದಾರೆ. ಎರಡು ದಿನ ಇರುತ್ತಾರೆ. ಅದರಲ್ಲಿ ಒಂದು ದಿನ ಬೇಲೂರಿಗೆ.

ಬೇಲೂರು ಯಾಕೆ ಅಂತ ಹೇಳಬೇಕು. ಓದುವಾಗ ನಮ್ಮನ್ನು ಟೂರ್ ಕರೆದುಕೊಂಡು ಹೋಗಿದ್ದರು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮೂರೂ ಒಂದೇ ದಿನ. ಬೇಲೂರಿನಲ್ಲಿ ನಮಗೆ ಸಿಕ್ಕಿದ್ದು ಹೆಚ್ಚೆಂದರೆ ಮುಕ್ಕಾಲು ಗಂಟೆ. ಸಾಲಾಗಿ ಒಂದು ಸುತ್ತು ಹಾಕಿಸಿ, ಹೊರಡಿ ಹೊರಡಿ ಅಂತ ಸೀಟಿ ಊದಿಬಿಟ್ಟರು. ಧಾರವಾಡದವಳು ಮಾತ್ರ ದರ್ಪಣ ಸುಂದರಿಯ, ಅಂದರೆ ಕನ್ನಡಿ ನೋಡಿಕೊಳ್ಳುವ ಹೆಣ್ಣಿನ ಶಿಲ್ಪದ, ಕೆಳಗೆ ನಿಂತವಳು ನಿಂತೇ ಇದ್ದಳು. ಅವಳ ಕೈ ಹಿಡಿದು ಬಸ್ಸಿಗೆ ಎಳೆದುಕೊಂಡು ಬಂದವಳು ನಾನು. ಬಸ್ಸಿನಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ಇವತ್ತಿಗೂ ಅದು ನನ್ನ ಮನಸ್ಸಿನಲ್ಲಿ ಇದೆ.

ಈಗ ಅವಳಿಗೆ ಕತ್ತಿನ ಮೂಳೆ ಸವೆದಿದೆ. ಪಟ್ಟಿ ಹಾಕಿಕೊಂಡೇ ಓಡಾಡುತ್ತಾಳೆ. ತಲೆ ಮೇಲಕ್ಕೆ ಎತ್ತಿದರೆ ಕಣ್ಣು ಕತ್ತಲೆ ಬಂದು ತಲೆ ಸುತ್ತುತ್ತದೆ. ದರ್ಪಣ ಸುಂದರಿಯಂಥ ಮದನಿಕೆಯರೆಲ್ಲ ಇರುವುದು ದೇವಸ್ಥಾನದ ಸೂರಿನ ಕೆಳಗೆ, ಅಷ್ಟು ಎತ್ತರದಲ್ಲಿ. ಫೋನಿನಲ್ಲಿ ಕೇಳಿದರೆ, "ನಾನು ಕೆಳಗಿನ ಆನೆ ಸಾಲು ನೋಡ್ಕೊಂಡು ಕೂತಿರ್ತೀನಿ ಕಣೇ, ನೀವು ನಿಧಾನಕ್ಕೆ ನೋಡ್ಕೊಂಡು ಬನ್ನಿ" ಅಂದಳು. ನನಗೆ ಅದನ್ನು ಕೇಳಿಸಿಕೊಳ್ಳಲು ಆಗಲಿಲ್ಲ.

ಬೆಂಗಳೂರಿನವಳಿಗೆ ಮಂಡಿ ಆಪರೇಷನ್ ಆಗಿದೆ. ನಡೆಯುತ್ತಾಳೆ, ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ. ಇವರಿಬ್ಬರನ್ನೂ ಕರೆದುಕೊಂಡು ಬೇಲೂರನ್ನು ಹೇಗೆ ನೋಡುವುದು? ಎಷ್ಟು ಹೊತ್ತಿಗೆ ಹೋಗಬೇಕು? ಯಗಚಿ ಹೊಳೆ ದಂಡೆಯಲ್ಲೂ ಸ್ವಲ್ಪ ಹೊತ್ತು ಕೂರಬೇಕು ಅಂತ ನಮ್ಮ ಆಸೆ.

ಸುತ್ತಾಟ ಸಕಲೇಶಪುರ:

ಮೇಡಂ, ಎರಡು ದಿನ ಇದೆಯಲ್ಲ, ಬೇಲೂರು ಹಳೇಬೀಡು ಮುಗಿಸಿ ಮಾರನೇ ದಿನ ಮಂಜರಾಬಾದ್ ಕೋಟೆಗೂ ಬನ್ನಿ. ನಕ್ಷತ್ರದ ಆಕಾರದ ಕೋಟೆ, ಟಿಪ್ಪು ಕಟ್ಟಿಸಿದ್ದು. ಮೇಲಿಂದ ಘಾಟಿಯ ಕಡೆಯ ಬೆಟ್ಟಗಳು ಕಾಣುತ್ತವೆ. ಬೆಳಿಗ್ಗೆ ಬೇಗ ಹೊರಟರೆ ಶ್ರವಣಬೆಳಗೊಳವನ್ನೂ ಸೇರಿಸಬಹುದು.

ಬೇಲೂರು ಪೇಟೆಯವನು:

ಅಕ್ಕಾವ್ರೇ, ಮೊದಲು ಒಂದು ಮಾತು. ಮೇಲಿನವರು ಪ್ರೀತಿಯಿಂದಲೇ ಹೇಳಿದ್ದಾರೆ, ಆದರೆ ಮಂಡಿ ಆಪರೇಷನ್ ಆದವರಿಗೆ ಕೋಟೆಯೂ ಬೇಡ, ಬೆಳಗೊಳದ ಆರುನೂರಕ್ಕೂ ಹೆಚ್ಚು ಮೆಟ್ಟಿಲೂ ಬೇಡ. ಮತ್ತೆ ಅದೇ ಟೂರ್ ಬಸ್ಸಿನ ಹಾಗೆ ಆಗುತ್ತದೆ.

ನಮ್ಮ ತಂದೆ ಬೇಲೂರು ದೇವಸ್ಥಾನದಲ್ಲಿ ಗೈಡ್ ಆಗಿದ್ದರು. ನಾನು ಚಿಕ್ಕವನಿದ್ದಾಗ ಅವರ ಹಿಂದೆಯೇ ಸುತ್ತುತ್ತಿದ್ದೆ. ಅವರ ಹೆಗಲ ಚೀಲದಲ್ಲಿ ಯಾವಾಗಲೂ ಎರಡು ಸಾಮಾನು ಇರುತ್ತಿದ್ದವು. ಒಂದು ಟಾರ್ಚು, ಇನ್ನೊಂದು ಕನ್ನಡಿ. ಕತ್ತು ಎತ್ತಲಾಗದ ವಯಸ್ಸಾದವರು ಬಂದರೆ ಆ ಕನ್ನಡಿ ಹೊರಗೆ ಬರುತ್ತಿತ್ತು. ನಿಮ್ಮ ಗೆಳತಿಗೂ ಅದೇ ದಾರಿ.

ಹೇಗೆ ಹಿಡಿಯಬೇಕು ಅನ್ನುವುದು ಮುಖ್ಯ. ಗೋಡೆಗೆ ಮುಖ ಮಾಡಿ ನಿಂತು ಕನ್ನಡಿಯನ್ನು ತಟ್ಟೆಯ ಹಾಗೆ ಹಿಡಿದರೆ ಮದನಿಕೆ ತಲೆ ಕೆಳಗಾಗಿ ಕಾಣುತ್ತಾಳೆ, ಕೆರೆ ನೀರಿನಲ್ಲಿ ಮರ ಕಾಣುವ ಹಾಗೆ. ಹಾಗಲ್ಲ. ಗೋಡೆಗೆ ಬೆನ್ನು ಮಾಡಿ, ನಾಲ್ಕೈದು ಹೆಜ್ಜೆ ಮುಂದೆ ಬಂದು, ಒಂದು ಮಡಚುವ ಸ್ಟೂಲಿನ ಮೇಲೆ ಕೂರಬೇಕು. ಕನ್ನಡಿಯನ್ನು ಎದೆಯ ಮಟ್ಟದಲ್ಲಿ, ಕೈ ಚಾಚಿ, ಸ್ವಲ್ಪ ಮೇಲ್ಮುಖ ಮಾಡಿ ಹಿಡಿಯಬೇಕು. ಇನ್ನೊಬ್ಬರು ಎದುರಿಗೆ ಕೂತು ಹಿಡಿದುಕೊಂಡರೆ ಇನ್ನೂ ಒಳ್ಳೆಯದು. ಆಗ ಹಿಂದಿನ ಮದನಿಕೆ ನೆಟ್ಟಗೆ ನಿಂತು ಕಾಣುತ್ತಾಳೆ. ಎಡ ಬಲ ಮಾತ್ರ ಅದಲು ಬದಲು. ಮದನಿಕೆಯರನ್ನು ಗೋಡೆಗೆ ಅಂಟಿಸಿದ ಹಾಗೆ ನೆಟ್ಟಗೆ ನಿಲ್ಲಿಸಿಲ್ಲ, ಮುಂದಕ್ಕೆ ವಾಲಿಸಿ ಕೂರಿಸಿದ್ದಾರೆ. ಕೆಳಗಿನವರನ್ನು ನೋಡುವ ಹಾಗೆ. ಅದಕ್ಕೇ ಕನ್ನಡಿಯಲ್ಲಿ ಮುಖ ಸರಿಯಾಗಿ ಸಿಗುತ್ತದೆ.

ಕೈಗನ್ನಡಿ ಸಾಲದು. ಗೋಡೆಗೆ ನೇತು ಹಾಕುತ್ತಾರಲ್ಲ, ಪ್ಲಾಸ್ಟಿಕ್ ಕಟ್ಟಿನ ಕನ್ನಡಿ, ಸುಮಾರು ಪುಸ್ತಕದ ಅಗಲದ್ದು, ಅದು ಸರಿ. ಬಿಸಿಲು ಅದರಿಂದ ಬೇರೆಯವರ ಕಣ್ಣಿಗೆ ಹೊಡೆಯದ ಹಾಗೆ ನೋಡಿಕೊಳ್ಳಿ. ಸ್ಟೂಲು ಹಾಕುವ ಮುಂಚೆ ಅಲ್ಲಿನ ಸಿಬ್ಬಂದಿಗೆ ಒಂದು ಮಾತು ಹೇಳಿ.

ಹೊತ್ತು ಅಂದರೆ ಬೆಳಗಿನ ಹೊತ್ತೇ. ದೇವಸ್ಥಾನ ಪೂರ್ವಕ್ಕೆ ಮುಖ ಮಾಡಿದೆ. ದರ್ಪಣ ಸುಂದರಿ ಇರುವುದೂ ಪೂರ್ವದ ಬಾಗಿಲ ಪಕ್ಕದಲ್ಲೇ. ಎಳೆ ಬಿಸಿಲು ಓರೆಯಾಗಿ ಬಿದ್ದಾಗ ಸೂರಿನ ಕೆಳಗೂ ಬೆಳಕು ಹೋಗುತ್ತದೆ. ಹೊತ್ತು ಏರಿದರೆ ಸೂರಿನ ನೆರಳು ಅವಳ ಮುಖದ ಮೇಲೆ ಬೀಳುತ್ತದೆ. ಹಾಸನದಿಂದ ಒಂದು ಗಂಟೆ ದಾರಿ, ಬೇಗ ಹೊರಡಿ. ಇನ್ನೊಂದು ವಿಷಯ, ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಜನವರಿ ಬೆಳಿಗ್ಗೆ ಕಲ್ಲು ಕೊರೆಯುತ್ತದೆ, ಮಧ್ಯಾಹ್ನ ಸುಡುತ್ತದೆ. ಎಲ್ಲರೂ ಸಾಕ್ಸ್ ಇಟ್ಟುಕೊಳ್ಳಿ.

ಮದನಿಕೆಯರು ಒಟ್ಟು 42. ಹೊರಗೆ 38, ಒಳಗೆ ನವರಂಗ ಅನ್ನುವ ಕಂಬಗಳ ಹಜಾರದಲ್ಲಿ 4. ಎಲ್ಲರನ್ನೂ ನೋಡುತ್ತೇವೆ ಅಂತ ಹೋಗಬೇಡಿ. ಪೂರ್ವದ ಬಾಗಿಲ ಎರಡೂ ಕಡೆ ಇರುವ ಏಳೆಂಟು ಜನರನ್ನು ಸರಿಯಾಗಿ ನೋಡಿ, ಸಾಕು. ಒಬ್ಬಳ ತಲೆಯ ಮೇಲಿನ ಬಳ್ಳಿಯಲ್ಲಿ ಒಂದು ಹಣ್ಣು ಇದೆ, ಹಣ್ಣಿನ ಮೇಲೆ ನೊಣ, ಅದನ್ನು ಹಿಡಿಯಲು ಹೊಂಚು ಹಾಕಿದ ಹಲ್ಲಿ. ಗೈಡ್ ಹತ್ತಿರ ಕೇಳಿ, ತೋರಿಸುತ್ತಾರೆ. ನೊಣದ ಅಷ್ಟು ಸಣ್ಣ ಕೆಲಸವನ್ನು ಕೆಳಗಿನಿಂದ ಯಾರು ನೋಡುತ್ತಾರೆ ಹೇಳಿ? ಆದರೂ ಮಾಡಿದ್ದಾನೆ. ಕೆಲವು ಮದನಿಕೆಯರ ಕಾಲ ಕೆಳಗೆ ಮಾಡಿದವರ ಹೆಸರೇ ಇದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ಇನ್ನೂ ಕೆಲವರು. ಜಕಣಾಚಾರಿಯ ಕಥೆ ಎಲ್ಲರಿಗೂ ಗೊತ್ತು. ಈ ಅಪ್ಪ ಮಗನ ಹೆಸರನ್ನು ನಮ್ಮ ತಂದೆ ಯಾವಾಗಲೂ ಜೋರಾಗಿ ಓದಿ ಹೇಳುತ್ತಿದ್ದರು. ಬಳ್ಳಿಗಾವಿ ಈಗಿನ ಶಿಕಾರಿಪುರ ತಾಲ್ಲೂಕು. ಅಲ್ಲಿಂದ ಯಗಚಿ ದಂಡೆಗೆ ಉಳಿ ಸುತ್ತಿಗೆ ಹಿಡಿದು ಬಂದವರು ಅವರು.

ನಡು ಮಧ್ಯಾಹ್ನ ಗರ್ಭಗುಡಿ ಬಾಗಿಲು ಸ್ವಲ್ಪ ಹೊತ್ತು ಮುಚ್ಚಿರುತ್ತದೆ. ಅದಕ್ಕೆ ಮುಂಚೆ ದರ್ಶನ ಮಾಡಿಕೊಳ್ಳಿ. ಒಳಗೆ ನವರಂಗದಲ್ಲಿ ಕತ್ತಲೆ. ಅಲ್ಲಿ ಕನ್ನಡಿಯನ್ನು ತಟ್ಟೆಯ ಹಾಗೇ ಹಿಡಿಯಬಹುದು, ಛಾವಣಿಗೆ ತಲೆ ಕೆಳಗು ಅನ್ನುವುದು ಇಲ್ಲವಲ್ಲ. ಒಬ್ಬರು ಟಾರ್ಚನ್ನು ಛಾವಣಿಗೆ ಹಿಡಿಯಲಿ.

ಕಾಫಿ ಮತ್ತು ಕ್ಯಾಮರಾ:

ಸರ್, ಇಷ್ಟೆಲ್ಲ ಯಾಕೆ? ಮೊಬೈಲಿನ ಸೆಲ್ಫಿ ಕ್ಯಾಮರಾ ಆನ್ ಮಾಡಿ ಹಿಡಿದರೆ ಆಯಿತಲ್ಲ. ಝೂಮ್ ಬೇಕಾದರೆ ಫೋಟೋ ತೆಗೆದು ದೊಡ್ಡದು ಮಾಡಿ ತೋರಿಸಬಹುದು. ನಮ್ಮ ಅಜ್ಜಿಗೆ ನಾನು ಹಾಗೇ ತೋರಿಸಿದ್ದು.

ಬೇಲೂರು ಪೇಟೆಯವನು:

ನೊಣ, ಹಲ್ಲಿ ತೋರಿಸಲು ನೀವು ಹೇಳಿದ್ದೇ ಸರಿ. ಅಷ್ಟು ಸಣ್ಣದು ಕನ್ನಡಿಯಲ್ಲಿ ಕಾಣುವುದಿಲ್ಲ. ಎರಡೂ ಇಟ್ಟುಕೊಳ್ಳಲಿ. ಆದರೆ ಫೋಟೋ ಮನೆಯಲ್ಲಿ ಕೂತೂ ನೋಡಬಹುದು. ಕನ್ನಡಿಯಲ್ಲಿ ಕಾಣುವುದು ಆ ಹೊತ್ತಿನ ಬೆಳಕು, ಆ ಕಲ್ಲಿನ ಉಬ್ಬು ತಗ್ಗು. ತಲೆ ಸ್ವಲ್ಪ ಅಲ್ಲಾಡಿಸಿದರೆ ಬಳ್ಳಿಯ ಸಂದಿಯಿಂದ ಹಿಂದಿನ ನೆರಳೂ ಅಲ್ಲಾಡುತ್ತದೆ. ಅಕ್ಕಾವ್ರ ಗೆಳತಿ ಅವತ್ತು ನಿಂತು ನೋಡಿದ್ದು ಅದನ್ನೇ ಅಲ್ವಾ?

ದ್ವಾರಸಮುದ್ರ:

ನಾನು ಹಳೇಬೀಡಿನವಳು. ನಮ್ಮೂರಿಗೂ ಒಂದು ಗಳಿಗೆ ಬನ್ನಿ ಟೀಚರ್, ಬೇಲೂರಿನಿಂದ 16 ಕಿ.ಮೀ. ಅಷ್ಟೇ. ಊರಿನ ಅಭಿಮಾನಕ್ಕೆ ಮಾತ್ರ ಹೇಳುತ್ತಿಲ್ಲ, ನಿಮ್ಮ ಗೆಳತಿಯ ಕತ್ತಿಗೆ ಹೊಯ್ಸಳೇಶ್ವರ ದೇವಸ್ಥಾನ ಬಹಳ ಅನುಕೂಲ. ಇಲ್ಲಿ ನೋಡಬೇಕಾದದ್ದು ಹೆಚ್ಚಿನದು ಕಣ್ಣಿನ ಮಟ್ಟದಲ್ಲೇ ಇದೆ. ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ ಅಂತ ಸಾಲು ಸಾಲು ಏರುತ್ತಾ ಹೋಗುತ್ತವೆ. ಅದರ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು. ಸ್ಕೂಲಿನಲ್ಲಿ ಪಾಠ ಮಾಡಿದವರಿಗೆ ಒಂದೊಂದನ್ನೂ ಗುರುತು ಹಿಡಿಯುವುದೇ ಒಂದು ಖುಷಿ. ಅಭಿಮನ್ಯು ಚಕ್ರವ್ಯೂಹ ಹೊಕ್ಕಿದ್ದು ಇದೆ, ಹುಡುಕಿ. ದೊಡ್ಡ ವಿಗ್ರಹಗಳ ಸಾಲಿನಲ್ಲಿ ರಾವಣ ಕೈಲಾಸ ಎತ್ತುವುದನ್ನು ಬಿಡಬೇಡಿ.

ಹತ್ತಿರದಲ್ಲೇ ಬಸ್ತಿಹಳ್ಳಿಯ ಬಸದಿಗಳಿವೆ. ಜನ ಕಡಿಮೆ. ಪಾರ್ಶ್ವನಾಥ ಬಸದಿಯ ಒಳಗಿನ ಕಂಬಗಳನ್ನು ಎಷ್ಟು ನುಣುಪು ಮಾಡಿದ್ದಾರೆ ಅಂದರೆ ನಮ್ಮ ಮುಖ ಅದರಲ್ಲಿ ಕಾಣುತ್ತದೆ. ಕಲ್ಲೇ ಕನ್ನಡಿ. ಶುಕ್ರವಾರ ಮಾತ್ರ ಬರಬೇಡಿ, ಹೊಯ್ಸಳೇಶ್ವರದ ಪಕ್ಕದ ಮ್ಯೂಸಿಯಂ ರಜೆ.

ಬೆಂಗಳೂರಿನವರಿಗೆ ಕೂರಲು ಕೆರೆಯ ಕಡೆ ಹುಲ್ಲು ಹಾಸು ಇದೆ, ಮರದ ನೆರಳಿದೆ.

ಹಾಸನದ ಟೀಚರ್:

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಹೋಗಿ ಬಂದೆವು. ಬರೆಯಲೇಬೇಕು ಅಂತ ಇವತ್ತು ಕೂತಿದ್ದೇನೆ.

ಹಿಂದಿನ ರಾತ್ರಿ ನಾಲ್ವರೂ ಅವರೆಕಾಳು ಹಿಸುಕುತ್ತಾ ಹನ್ನೊಂದು ಗಂಟೆವರೆಗೆ ಮಾತಾಡಿದೆವು. ಆದರೂ ಬೆಳಿಗ್ಗೆ ಆರಕ್ಕೆ ಹೊರಟೆವು. ಅಕ್ಕಿರೊಟ್ಟಿ, ಕಾಯಿಚಟ್ನಿ ಕಟ್ಟಿಕೊಂಡಿದ್ದೆ. ದಾರಿಯುದ್ದಕ್ಕೂ ಮಂಜು. ಬೇಲೂರು ಹತ್ತಿರ ಬಂದಾಗ ಯಗಚಿ ಕಾಣಲೇ ಇಲ್ಲ, ಹೊಳೆ ಇರುವ ಜಾಗದಲ್ಲಿ ಬಿಳಿ ಬಿಳಿ ಹೊಗೆಯ ಹಾಗೆ ನಿಂತಿತ್ತು.

ಕನ್ನಡಿ ನಮ್ಮ ಬಚ್ಚಲುಮನೆಯದ್ದು. ನೀಲಿ ಕಟ್ಟಿನದು. ಮಗನ ಶೇವಿಂಗ್ ಕನ್ನಡಿ. ಧಾರವಾಡದವಳಿಗೆ ಏನೂ ಹೇಳಿರಲಿಲ್ಲ. ಸಿಬ್ಬಂದಿಯವರನ್ನು ಕೇಳಿದೆ, ಜಗತಿಯ (ದೇವಸ್ಥಾನದ ಸುತ್ತಲಿನ ಕಲ್ಲು ಕಟ್ಟೆ) ಮೇಲೆ ಜನರ ದಾರಿಗೆ ಅಡ್ಡ ಆಗದ ಹಾಗೆ ಕೂರಿ ಅಂದರು. ಮೆಟ್ಟಿಲು ಹತ್ತುವಾಗ ಬೆಂಗಳೂರಿನವಳಿಗೆ ಎರಡೂ ಕಡೆ ಕೈ ಕೊಟ್ಟೆವು. ಆಮೇಲೆ ಧಾರವಾಡದವಳನ್ನು ಗೋಡೆಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂರಿಸಿದೆ. "ಇದೇನೇ, ದೇವಸ್ಥಾನಕ್ಕೆ ಬೆನ್ನು ಹಾಕಿ ಕೂರಿಸ್ತೀಯಲ್ಲ" ಅಂದಳು. ನಾನು ಎದುರಿಗೆ ಕೂತು ಕನ್ನಡಿ ಹಿಡಿದೆ.

ಮೊದಲು ಬರೀ ಆಕಾಶ ಕಾಣುತ್ತಿದೆ ಅಂದಳು. ಸ್ವಲ್ಪ ವಾಲಿಸಿದೆ. ಸೂರಿನ ಅಂಚು ಅಂದಳು. ಇನ್ನೂ ಸ್ವಲ್ಪ. ಆಮೇಲೆ ಮಾತು ನಿಂತಿತು.

ನನಗೆ ಕನ್ನಡಿಯ ಹಿಂಬದಿ ಮಾತ್ರ ಕಾಣುತ್ತಿತ್ತು, ಅದರ ಮೇಲೆ ಅವಳ ಮುಖ. ದರ್ಪಣ ಸುಂದರಿ ತನ್ನ ಕನ್ನಡಿ ನೋಡಿಕೊಳ್ಳುತ್ತಾ ಮೇಲೆ ನಿಂತಿದ್ದಾಳೆ. ಕೆಳಗೆ ಇವಳು ನಮ್ಮ ನೀಲಿ ಕನ್ನಡಿಯಲ್ಲಿ ಅವಳನ್ನು ನೋಡುತ್ತಿದ್ದಾಳೆ. ನನ್ನ ಕೈ ನಡುಗಿತು. "ಅಲ್ಲಾಡಿಸಬೇಡ ಕಣೇ" ಅಂದಳು. ಮಂಗಳೂರಿನವಳು ಬಂದು ನನ್ನ ಮೊಣಕೈ ಕೆಳಗೆ ತನ್ನ ಕೈ ಆನಿಸಿ ಹಿಡಿದಳು. ಹಾಗೇ ಎಷ್ಟು ಹೊತ್ತು ಇದ್ದೆವೋ. ಬಿಸಿಲು ಬಂತು. ಅವಳೇ ಹೇಳಿದಳು, ಈಗ ಮೂಗಿನ ಮೇಲೆ ಬಂತು, ಈಗ ಕೆನ್ನೆಯ ಮೇಲೆ ಬಂತು ಅಂತ. ಆ ಬಳೆಗಳು, ಕತ್ತಿನ ಹಾರ, ಕೈಯ ಬೆರಳು ಒಂದೊಂದನ್ನೂ ಹೇಳುತ್ತಾ ಹೋದಳು. ನಾವು ಕತ್ತು ಎತ್ತಿ ಮೇಲೆ ನೋಡುತ್ತಿದ್ದೆವು. ನಮಗೆ ಕಾಣದ್ದು ಅವಳಿಗೆ ಕಾಣುತ್ತಿತ್ತು.

ಅವತ್ತು ನಾನು ಅವಳನ್ನು ಎಳೆದುಕೊಂಡು ಹೋಗಿದ್ದಕ್ಕೆ ತಪ್ಪಾಯಿತು ಅಂತ ಅಲ್ಲೇ ಹೇಳಿದೆ. ಅವಳಿಗೆ ನೆನಪಿತ್ತು. "ನೀನು ಎಳೀದಿದ್ರೆ ಬಸ್ ಬಿಟ್ಟು ಹೋಗ್ತಿತ್ತಲ್ಲೇ" ಅಂದಳು, ಕಣ್ಣು ತೆಗೆಯದೆ.

ಹಲ್ಲಿ ಮತ್ತು ನೊಣವನ್ನು ಗೈಡ್ ತೋರಿಸಿದರು. ಅದನ್ನು ಮೊಬೈಲಿನಲ್ಲೇ ದೊಡ್ಡದು ಮಾಡಿ ನೋಡಿದ್ದು. ಕ್ಯಾಮರಾ ಅವರೇ, ನಿಮ್ಮ ಮಾತೂ ಉಪಯೋಗಕ್ಕೆ ಬಂತು. ಇಷ್ಟು ಸಣ್ಣ ಕೆಲಸ ಕಲ್ಲಿನಲ್ಲಿ ಹೇಗೆ ಆಯಿತು ಅಂತ ಬೆಂಗಳೂರಿನವಳು ಕೇಳಿದಳು. ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ ಅಂದರು ಗೈಡ್. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ್ದು. ಒಂಬೈನೂರು ವರ್ಷ ದಾಟಿದರೂ ಆ ಹಲ್ಲಿಯ ಬಾಲದ ಬಾಗು ಹಾಗೇ ಇದೆ. ದಾಸೋಜ, ಚಾವಣ ಅಂತ ಹೆಸರನ್ನು ನಾನೂ ಜೋರಾಗಿ ಹೇಳಿದೆ, ನಿಮ್ಮ ತಂದೆಯವರನ್ನು ನೆನೆದು.

ಬೆಂಗಳೂರಿನವಳು ಬಹಳ ಹೊತ್ತು ಕೂತಿದ್ದು ಆನೆ ಸಾಲಿನ ಮುಂದೆ. ಸ್ಟೂಲನ್ನು ಒಂದೊಂದು ಗಜ ಸರಿಸಿಕೊಂಡು ಹೋದಳು. ಒಂದರ ಹಾಗೆ ಇನ್ನೊಂದಿಲ್ಲ ಅನ್ನುವುದನ್ನು ಪುಸ್ತಕದಲ್ಲಿ ಓದಿ ನಾವೇ ಮಕ್ಕಳಿಗೆ ಹೇಳಿದ್ದೇವೆ. ಅವಳು ಒಂದು ಆನೆ ಸೊಂಡಿಲಿನಿಂದ ಮುಂದಿನ ಆನೆಯ ಬಾಲ ಮುಟ್ಟುವ ಹಾಗಿದೆ ಅಂತ ಕರೆದು ತೋರಿಸಿದಳು. ಒಳಗೆ ನವರಂಗದಲ್ಲಿ ಆ ದುಂಡನೆಯ ನುಣುಪು ಕಲ್ಲಿನ ನೆಲದ ಹತ್ತಿರ ಕನ್ನಡಿ ಹಿಡಿದು ಛಾವಣಿ ನೋಡಿದೆವು. ಟಾರ್ಚಿನ ಬೆಳಕಿಗೆ ಇನ್ನೂ ಇಬ್ಬರು ಮೂವರು ಗುರುತಿಲ್ಲದವರು ಬಂದು ನಮ್ಮ ಕನ್ನಡಿಯಲ್ಲೇ ಇಣುಕಿದರು. ಅದೇ ಆವರಣದ ಕಪ್ಪೆ ಚನ್ನಿಗರಾಯನ ಗುಡಿಯಲ್ಲಿ ವಿಷ್ಣುವರ್ಧನನ ರಾಣಿ ಶಾಂತಲೆಯ ಹೆಸರು ಹೇಳಿ ಕೈ ಮುಗಿದೆವು, ಅದನ್ನು ಕಟ್ಟಿಸಿದ್ದು ಅವಳೇ ಅಲ್ವಾ.

ಹಳೇಬೀಡಿಗೆ ಹೋಗಲು ಆಗಲಿಲ್ಲ ದ್ವಾರಸಮುದ್ರ ಅವರೇ, ಬೇಜಾರು ಮಾಡಿಕೊಳ್ಳಬೇಡಿ. ಹನ್ನೊಂದೂವರೆಗೆ ಮುಗಿಯುತ್ತದೆ ಅಂದುಕೊಂಡದ್ದು ಒಂದು ಗಂಟೆ ದಾಟಿತು. ಊಟ ಮಾಡಿ ಹೊಳೆ ಕಡೆ ಹೋದೆವು. ಮಂಜು ಹೋಗಿ ನೀರು ಕಾಣುತ್ತಿತ್ತು. ಬಾಬಾಬುಡನ್‌ಗಿರಿ ಕಡೆಯಿಂದ ಬರುವ ನೀರು ಇದು, ಗೊರೂರಿನ ಹತ್ತಿರ ಹೇಮಾವತಿ ಸೇರುತ್ತದೆ. ನಾವು ಓದುವಾಗ ರಜೆಯಲ್ಲಿ ಗೊರೂರಿಗೆ ಹೋಗಿ ಹೇಮಾವತಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದೆವು. ಅದನ್ನೇ ಮಾತಾಡಿಕೊಂಡು ಕೂತೆವು. ಉಳಿದಿದ್ದ ಅಕ್ಕಿರೊಟ್ಟಿ ಅಲ್ಲೇ ಖಾಲಿ ಆಯಿತು.

ಬೇಲೂರು ಪೇಟೆಯವನು:

ಅಕ್ಕಾವ್ರೇ, ಓದಿ ಕಣ್ಣು ತುಂಬಿ ಬಂತು. ಅಮ್ಮನಿಗೂ ಓದಿ ಹೇಳಿದೆ. ಅಪ್ಪನ ಕನ್ನಡಿ ಇನ್ನೂ ನಮ್ಮ ಮನೆಯ ದೇವರ ಗೂಡಿನ ಪಕ್ಕದಲ್ಲಿ ಇದೆ, ಒಂದು ಮೂಲೆ ರಸ ಹೋಗಿದೆ. ನಿಮ್ಮ ನೀಲಿ ಕನ್ನಡಿಯನ್ನು ಜೋಪಾನ ಮಾಡಿ.

ಹಾಸನದ ಟೀಚರ್:

ಅದು ಈಗ ನನ್ನ ಹತ್ತಿರ ಇಲ್ಲ. ಅರಸೀಕೆರೆಯಲ್ಲಿ ಅವಳನ್ನು ರೈಲು ಹತ್ತಿಸುವಾಗ ಸೀರೆಗಳ ನಡುವೆ ಸುತ್ತಿ ಅವಳ ಬ್ಯಾಗಿಗೆ ಹಾಕಿದೆ. ಮಗನಿಗೆ ಹೊಸದು ತಂದುಕೊಟ್ಟಿದ್ದೇನೆ.

ಮಾರ್ಚ್‌ನಲ್ಲಿ ಅವಳು ಮತ್ತೆ ಬರುತ್ತಾಳಂತೆ. ಆಗ ಒಂದು ಮಧ್ಯಾಹ್ನ ಪೂರ್ತಿ ಹಳೇಬೀಡಿಗೆ ಇಟ್ಟಿದ್ದೇವೆ. ಬೇಲೂರಿನಲ್ಲಿ ಹಿಂಬದಿಯ ಮದನಿಕೆಯರು ಬಾಕಿ ಇದ್ದಾರೆ. ಸಂಜೆ ಎಷ್ಟು ಗಂಟೆಗೆ ಬಂದರೆ ಅವರ ಮುಖಕ್ಕೆ ಬಿಸಿಲು ಬೀಳುತ್ತದೆ, ಸ್ವಲ್ಪ ನೋಡಿ ಹೇಳುತ್ತೀರಾ?